ಮೈಸೂರಿಂದ ವಂಡರ್‌ಲಾ ‘ಒಂದು ದಿನದ ಫಾಸ್ಟ್ ಟ್ರ್ಯಾಕ್ ಪ್ಯಾಕೇಜ್’ ಅಂತ ಮೆಸೇಜ್ ಬಂದಿದ್ದರೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ನಾಲ್ಕು ದಿನದಿಂದ ಬರೆಯಬೇಕು ಅಂದುಕೊಂಡು ಬಿಟ್ಟುಬಿಡುತ್ತಿದ್ದೆ. ನಾಚಿಕೆ ಆಗುತ್ತಿತ್ತು. ಆದರೆ ನಿನ್ನೆ ಅದೇ ಮೆಸೇಜು ನಮ್ಮ ಬಡಾವಣೆಯ ಇನ್ನೊಂದು ವಾಟ್ಸಾಪ್ ಗುಂಪಿಗೆ ಬಂದಿದೆ. ಅದೇ ಫೋಟೋ, ಅದೇ ಮಾತು. ಸುಮ್ಮನಿದ್ದರೆ ಇನ್ನೊಬ್ಬರ ಮಕ್ಕಳ ದಿನವೂ ಹಾಳಾಗುತ್ತೆ.

ಮೊದಲೇ ಹೇಳಿಬಿಡುತ್ತೇನೆ. ವಂಡರ್‌ಲಾ, ಅಂದರೆ ಬಿಡದಿಯ ಆ ರೈಡುಗಳ ಪಾರ್ಕಿನ ಮೇಲೆ ನನ್ನ ದೂರಿಲ್ಲ. ಅಲ್ಲಿಯವರು ಸರಿಯಾಗಿಯೇ ನಡೆದುಕೊಂಡರು. ಮೋಸ ಮಾಡಿದ್ದು ಮಧ್ಯದಲ್ಲಿ ನಿಂತು ಪ್ಯಾಕೇಜ್ ಮಾರಿದವನು.

ಮಗ ಈ ಸಲ ಎಸ್ಸೆಸ್ಸೆಲ್ಸಿ. ಚೆನ್ನಾಗಿ ಮಾಡಿದರೆ ವಂಡರ್‌ಲಾಗೆ ಕರೆದುಕೊಂಡು ಹೋಗ್ತೀನಿ, ನೀರಾಟ ಅಲ್ಲ, ಬರೀ ದೊಡ್ಡ ದೊಡ್ಡ ರೈಡು, ಒಂದನ್ನೂ ಬಿಡದೆ ಅಂತ ಮಾತು ಕೊಟ್ಟಿದ್ದೆ. ಅವನು ಒಂದು ವರ್ಷದಿಂದ ಪಟ್ಟಿ ಮಾಡಿಟ್ಟಿದ್ದ. ರಿಕಾಯಿಲ್ ಮೊದಲು, ಆಮೇಲೆ ಫ್ಲ್ಯಾಶ್ ಟವರ್, ಮೇವರಿಕ್, ಹರಿಕೇನ್, ಈಕ್ವಿನಾಕ್ಸ್. ರಿಕಾಯಿಲ್ ಅಂದರೆ ತಲೆಕೆಳಗಾಗಿ ಸುತ್ತಿ, ಅದೇ ಹಳಿಯ ಮೇಲೆ ಹಿಂದಕ್ಕೆ ಬರುವ ರೋಲರ್ ಕೋಸ್ಟರ್. ಹೋದ ರೈಲೇ ವಾಪಸ್ ಬರಬೇಕು, ಆಮೇಲೆ ಮುಂದಿನವರು ಹತ್ತಬೇಕು. ಹಾಗಾಗಿ ಕ್ಯೂ ಸರಿಯುವುದೇ ಇಲ್ಲ. ಅದಕ್ಕೇ ಫಾಸ್ಟ್ ಟ್ರ್ಯಾಕ್ ಬೇಕೇ ಬೇಕು ಅಂತ ಅವನೇ ಹೇಳಿದ್ದ. ಫಾಸ್ಟ್ ಟ್ರ್ಯಾಕ್ ಇದ್ದರೆ ರೈಡುಗಳಿಗೆ ಬೇರೆ ಸಾಲು, ಕಾಯುವುದು ಕಡಿಮೆ. ಗೊತ್ತಲ್ವಾ.

ಆಗಲೇ ಆ ಮೆಸೇಜು ಬಂತು. ‘ಮೈಸೂರು–ವಂಡರ್‌ಲಾ–ಮೈಸೂರು, ಎ.ಸಿ. ಗಾಡಿ, ತಿಂಡಿ, ಊಟ, ಎಲ್ಲಾ ರೈಡ್, ಫಾಸ್ಟ್ ಟ್ರ್ಯಾಕ್ ಎಂಟ್ರಿ, ತಲೆಗೆ 2,400 ರೂಪಾಯಿ.’ ಫೋನ್ ಮಾಡಿದೆ. ತುಂಬಾ ಮರ್ಯಾದೆಯಿಂದ ಮಾತಾಡಿದ. ‘ಅಕ್ಕಾ, ಬೆಳಿಗ್ಗೆ 6ಕ್ಕೆ ಬಿಟ್ರೆ ಗೇಟ್ ತೆಗೆಯೋಕೆ ಮುಂಚೆ ಅಲ್ಲಿರ್ತೀರಿ. ಮಕ್ಕಳು ಸಾಕಪ್ಪಾ ಸಾಕು ಅನ್ನೋವರೆಗೂ ಆಡಬಹುದು.’ ಫಾಸ್ಟ್ ಟ್ರ್ಯಾಕ್ ಇದೆ ತಾನೇ ಅಂತ ಎರಡು ಸಲ ಕೇಳಿದೆ. ಎರಡು ಸಲವೂ ‘ಹೂಂ ಅಕ್ಕಾ, ಹಾಕಿದೀನಲ್ಲ ಮೆಸೇಜಲ್ಲಿ’ ಅಂದ. ಒಂದೇ ಗಾಡಿ ಉಳಿದಿದೆ, ಇವತ್ತೇ ಹೇಳಿ ಅಂದ.

ಆಗ ಪಾರ್ಕಿನ ಸ್ವಂತ ವೆಬ್‌ಸೈಟ್ ತೆಗೆದು ಒಂದು ನಿಮಿಷ ನೋಡಿದ್ದರೆ ಸಾಕಿತ್ತು. ಫಾಸ್ಟ್ ಟ್ರ್ಯಾಕ್ ಟಿಕೆಟ್ಟಿಗೆ ಮಾಮೂಲಿ ಟಿಕೆಟ್ಟಿನ ಎರಡರಷ್ಟು ಹತ್ತಿರ ಆಗುತ್ತೆ. ಅದರ ಮೇಲೆ ಗಾಡಿ, ತಿಂಡಿ, ಊಟ ಎಲ್ಲ ಸೇರಿ 2,400ಕ್ಕೆ ಹೇಗೆ ಕೊಡುತ್ತಾನೆ? ಈ ಲೆಕ್ಕ ನನಗೆ ಹೊಳೆಯಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು. ದಿನಾ ಬೇರೆಯವರ ಲೆಕ್ಕ ನೋಡುತ್ತೇನೆ. ನನಗೇ ಹೊಳೆಯಲಿಲ್ಲ.

ಅಷ್ಟೇ ಆಗಿದ್ದರೆ ನಮ್ಮ ಮನೆಯ ನಷ್ಟ ಅಂತ ಸುಮ್ಮನಾಗುತ್ತಿದ್ದೆ. ನಾನು ಅಕ್ಕಪಕ್ಕದ ಮನೆಯವರನ್ನೂ ಒಪ್ಪಿಸಿದೆ. ಒಟ್ಟು 17 ಜನ, 40,800 ರೂಪಾಯಿ. ಎಲ್ಲರ ದುಡ್ಡು ವಸೂಲಿ ಮಾಡಿದ್ದು ನಾನೇ. 20,000 ಮುಂಗಡ ನನ್ನ ಫೋನಿಂದಲೇ ಕಳಿಸಿದೆ. ದುಡ್ಡು ಹೋಗುವಾಗ ಬಂದ ಹೆಸರು ಟ್ರಾವೆಲ್ಸ್ ಹೆಸರಲ್ಲ, ಯಾವುದೋ ಹೆಂಗಸಿನ ಹೆಸರು. ಕೇಳಿದ್ದಕ್ಕೆ ‘ನಮ್ಮ ಮನೆಯವರ ಅಕೌಂಟು ಅಕ್ಕಾ’ ಅಂದ. ಅಲ್ಲೇ ನಿಲ್ಲಿಸಬೇಕಿತ್ತು.

ಭಾನುವಾರ ಬೆಳಿಗ್ಗೆ 6ಕ್ಕೆ 17 ಜನ ಕುವೆಂಪುನಗರದ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಗಾಡಿ ಬಂದಿದ್ದು 7.40ಕ್ಕೆ. ವೈಟ್ ಬೋರ್ಡ್ ಟೆಂಪೋ ಟ್ರಾವೆಲರ್. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಬೋರ್ಡ್ ಇರಬೇಕು ಅಂತ ನಮ್ಮ ಯಜಮಾನರು ಮೆಲ್ಲಗೆ ಹೇಳಿದರು. ಮಕ್ಕಳ ಮುಂದೆ ಜಗಳ ಬೇಡ ಅಂತ ನಾನೇ ಸುಮ್ಮನಾಗಿಸಿದೆ. ನಾವು ಹತ್ತುವ ಮೊದಲೇ ಡ್ರೈವರ್ ಬಾಕಿ 20,800 ಎಣಿಸಿಕೊಂಡ. ಮೈಸೂರಿನ ಹೆಬ್ಬಾಳದಲ್ಲಿ ಇನ್ನೂ ಮೂವರನ್ನು ಹತ್ತಿಸಿದ. 17 ಸೀಟಿನ ಗಾಡಿಗೆ 20 ಜನ! ಮಕ್ಕಳು ತೊಡೆಯ ಮೇಲೆ.

ಮೈಸೂರಿಂದ ಬಿಡದಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಎಷ್ಟು ಹೊತ್ತು ಹೇಳಿ? ಒಂದೂವರೆ ಗಂಟೆ, ಹೆಚ್ಚೆಂದರೆ ಎರಡು. ಇವನು ಮದ್ದೂರಲ್ಲಿ ತಿಂಡಿ ಅಂತ ಮುಕ್ಕಾಲು ಗಂಟೆ ನಿಲ್ಲಿಸಿದ. ಸರಿ, ತಿಂಡಿ ಬೇಕು. ಆಮೇಲೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆಯಲ್ಲಿ ಚನ್ನಪಟ್ಟಣಕ್ಕೆ ಹೋದ. ಹೊಸ ರಸ್ತೆ ಚನ್ನಪಟ್ಟಣದ ಊರೊಳಗೆ ಹೋಗುವುದೇ ಇಲ್ಲ, ಬೇಕಂತಲೇ ಇಳಿಯಬೇಕು. ಒಂದು ಗೊಂಬೆ ಅಂಗಡಿ ಮುಂದೆ ನಿಲ್ಲಿಸಿ ‘ನೋಡಿ ಬನ್ನಿ, ಹತ್ತೇ ನಿಮಿಷ’ ಅಂದ. ನಮಗೆ ಗೊಂಬೆ ಬೇಡ, ಹೊರಡಪ್ಪಾ ಅಂದರೆ ಡ್ರೈವರ್ರೇ ಕಾಣೆ. ಅಂಗಡಿ ಒಳಗೆ ಕೂತು ಕಾಫಿ ಕುಡಿಯುತ್ತಿದ್ದ. ಅಲ್ಲಿ 50 ನಿಮಿಷ ಹೋಯಿತು. ಯಾಕೆ ಅಂತ ನಿಮಗೇ ಗೊತ್ತು.

ಬಿಡದಿ ತಲುಪಿದಾಗ 12.15. ಪಾರ್ಕ್ ಬಾಗಿಲು ತೆರೆದು ಒಂದು ಗಂಟೆಯ ಮೇಲಾಗಿತ್ತು. ಟಿಕೆಟ್ ಎಲ್ಲಿ? ‘ನಮ್ ಹುಡುಗ ತರ್ತಾನೆ.’ ಹುಡುಗ ಬಂದಿದ್ದು ಒಂದು ಗಂಟೆ ದಾಟಿದ ಮೇಲೆ. ಮೇ ತಿಂಗಳ ಬಿಸಿಲಲ್ಲಿ ಗೇಟಿನ ಹೊರಗೆ ನಿಂತು, ಒಳಗಿನ ಕಿರುಚಾಟ ಕೇಳಿಸಿಕೊಳ್ಳುತ್ತಾ, ಮಗ ನನ್ನ ಮುಖ ನೋಡುತ್ತಿದ್ದ. ಒಂದು ಮಾತೂ ಆಡಲಿಲ್ಲ.

ಒಳಗೆ ಹೋಗುತ್ತಲೇ ರಿಕಾಯಿಲ್ ಕಡೆ ಓಡಿದೆವು. ಮಾಮೂಲಿ ಸಾಲು ಉದ್ದಕ್ಕೆ ಇತ್ತು. ನಾನು ಎಲ್ಲರನ್ನೂ ಕರೆದುಕೊಂಡು ಫಾಸ್ಟ್ ಟ್ರ್ಯಾಕ್ ಸಾಲಿಗೆ ನುಗ್ಗಿದೆ. ‘ಬನ್ನಿ ಬನ್ನಿ, ನಮ್ಮದು ಈ ಕಡೆ’ ಅಂತ ಜೋರಾಗಿ ಬೇರೆ ಕರೆದೆ. ಬಿಸಿಲಲ್ಲಿ ನಿಂತಿದ್ದವರೆಲ್ಲ ನೋಡುತ್ತಿದ್ದರು. ಬಾಗಿಲಲ್ಲಿದ್ದ ಹುಡುಗಿ ನಮ್ಮ ಟಿಕೆಟ್ ನೋಡಿ, ಮೆತ್ತಗೆ, ‘ಮೇಡಂ, ಇದು ನಾರ್ಮಲ್ ಟಿಕೆಟ್. ಆ ಕಡೆ ಕ್ಯೂಗೆ ಬನ್ನಿ’ ಅಂದಳು. ಇಲ್ಲಮ್ಮಾ, ಸರಿಯಾಗಿ ನೋಡು ಅಂದೆ. ಮತ್ತೆ ನೋಡಿದಳು. ‘ನಾರ್ಮಲ್ಲೇ ಮೇಡಂ.’ ಇನ್ನೊಬ್ಬರ ಟಿಕೆಟ್ ಕೊಟ್ಟೆ. ಅದೂ ಅಷ್ಟೇ. 17ಕ್ಕೆ 17 ನಾರ್ಮಲ್.

ಆ ಸಾಲಿನಿಂದ ವಾಪಸ್ ಬಂದ ನಾಲ್ಕು ಹೆಜ್ಜೆ ಇದೆಯಲ್ಲ, ಅದನ್ನು ನಾನು ಮರೆಯಲ್ಲ. ಪಕ್ಕದ ಮನೆ ಸರೋಜಮ್ಮನ ವಯಸ್ಸಿನವರೆಲ್ಲ ನನ್ನನ್ನು ನಂಬಿ ಬಂದಿದ್ದರು. ಯಾರೋ ಸಾಲಿನಿಂದ ‘ಟಿಕೆಟ್ ಇಲ್ದೇನೇ ನುಗ್ತಾರೆ’ ಅಂದರು. ಮಗ ತಲೆ ತಗ್ಗಿಸಿಕೊಂಡು ಹೋಗಿ ಮಾಮೂಲಿ ಸಾಲಿನ ಕೊನೆಯಲ್ಲಿ ನಿಂತ. ನನ್ನ ಕೈ ನಡುಗುತ್ತಿತ್ತು.

ಅಲ್ಲಿಂದಲೇ ಫೋನ್ ಮಾಡಿದೆ. ಅವನ ಉತ್ತರ ಕೇಳಿ.

‘ಫಾಸ್ಟ್ ಟ್ರ್ಯಾಕ್ ಎಂಟ್ರಿ ಅಂದ್ರೆ ಗೇಟಲ್ಲಿ ಟಿಕೆಟ್ ಕೌಂಟರ್ ಕ್ಯೂ ಇರಲ್ಲ ಅಂತ ಮೇಡಂ. ಎಂಟ್ರಿ ಅಂತ ತಾನೇ ಹಾಕಿರೋದು? ರೈಡಿಗೆ ಅಂತ ಎಲ್ಲಿ ಹಾಕಿದೀವಿ?’

ಅಕ್ಕ ಹೋಗಿ ಮೇಡಂ ಆಗಿದ್ದೆ. ನಿಮ್ಮ ಹುಡುಗನಿಗೆ ಕಾದು 50 ನಿಮಿಷ ಬಿಸಿಲಲ್ಲಿ ನಿಂತೆವಲ್ಲ ಅಂದೆ. ‘ಅದು ಗೇಟ್ ಹೊರಗೆ ಮೇಡಂ, ಅದು ಕ್ಯೂ ಅಲ್ಲ’ ಅಂದ! ಎಲ್ಲಾ ರೈಡ್ ಅಂದಿದ್ದಿರಲ್ಲ ಅಂದರೆ, ‘ಎಲ್ಲಾ ರೈಡ್ ಟಿಕೆಟ್ಟಲ್ಲೇ ಇದೆ. ಆಡೋದು ಬಿಡೋದು ನಿಮ್ಮ ಕೈಲಿ’ ಅಂದ. ಆ ಟಿಕೆಟ್ಟನ್ನು ಯಾರು ತೆಗೆದುಕೊಂಡರೂ ಎಲ್ಲಾ ರೈಡ್ ಸೇರಿಯೇ ಇರುತ್ತೆ. ಅದನ್ನೇ ದೊಡ್ಡದಾಗಿ ಬರೆದು ಮಾರಿದ್ದಾನೆ.

ಇನ್ನೊಂದು ಮೋಸ ಅಲ್ಲೇ ಗೊತ್ತಾಯಿತು. ತಂಗಿ ಮಗಳಿಗೆ 11 ವರ್ಷ. ಹತ್ತು ದಾಟಿದೆ, ದೊಡ್ಡವರ ದುಡ್ಡೇ ಕೊಡಬೇಕು ಅಂತ ಇವನು ಪೂರ್ತಿ 2,400 ತೆಗೆದುಕೊಂಡಿದ್ದ. ಪಾರ್ಕಿನವರು ವಯಸ್ಸು ನೋಡುವುದೇ ಇಲ್ಲ, ಎತ್ತರ ನೋಡುತ್ತಾರೆ. 140 ಸೆಂಟಿಮೀಟರ್ ಒಳಗಿದ್ದರೆ ಮಕ್ಕಳ ಟಿಕೆಟ್. ಅವಳು 134. ಅವಳಿಗೆ ಕೊಟ್ಟಿದ್ದೂ ಮಕ್ಕಳ ಟಿಕೆಟ್ಟೇ! ಉಳಿದ ದುಡ್ಡು ಇವನ ಜೇಬಿಗೆ. ಅದಕ್ಕಿಂತ ಸಂಕಟ ಆಗಿದ್ದು ಅವಳನ್ನು ನೋಡಿ. ಎತ್ತರ ಸಾಲದೆ ದೊಡ್ಡ ರೈಡುಗಳಿಗೆ ಬಿಡಲಿಲ್ಲ. ಅದು ಸುರಕ್ಷತೆಯ ನಿಯಮ, ಸರಿಯಾದದ್ದೇ. ಆದರೆ ಮೊದಲೇ ಕೇಳಿದ್ದಾಗ ‘ಎಲ್ಲಾ ಆಡಬಹುದು’ ಅಂತ ಹೇಳಿದ್ದನಲ್ಲ!

ರಿಕಾಯಿಲ್ ಸಾಲಿನಲ್ಲಿ ಒಂದು ಗಂಟೆಯ ಮೇಲೆ ನಿಂತೆವು. ಅದೊಂದು ಆಯಿತು. ಮಗ ಇಳಿದು ಬಂದಾಗ ಮುಖದಲ್ಲಿ ಬೆಳಕಿತ್ತು. ಆ ದಿನದಲ್ಲಿ ನನಗೆ ಉಳಿದಿರುವುದು ಅದೊಂದೇ. ಊಟದ ಕೂಪನ್ ಎರಡೂವರೆಯೊಳಗೆ ಮಾತ್ರ ಅಂತ ಹುಡುಗ ಹೇಳಿದ್ದ. ಓಡಿ ಊಟ ಮಾಡಿ ಬಂದು ಫ್ಲ್ಯಾಶ್ ಟವರ್ ಸಾಲಿನಲ್ಲಿ ನಿಂತೆವು. ಮುಂದೆ ಹತ್ತಿಪ್ಪತ್ತು ಜನ ಇರುವಾಗ ಗುಡುಗು ಶುರುವಾಯಿತು. ಮೇ ತಿಂಗಳ ಮಧ್ಯಾಹ್ನದ ಮಳೆ, ನಮ್ಮ ಕಡೆ ಹೊಸದಲ್ಲ. ಮಿಂಚು ಗುಡುಗು ಇದ್ದರೆ ಎತ್ತರದ ರೈಡು ನಿಲ್ಲಿಸಲೇಬೇಕು. ನಿಲ್ಲಿಸಿದರು. ಬೆಳಿಗ್ಗೆ 11ಕ್ಕೆ ಒಳಗಿದ್ದಿದ್ದರೆ ಅಷ್ಟರಲ್ಲಿ ಅವನ ಪಟ್ಟಿ ಅರ್ಧವಾದರೂ ಮುಗಿದಿರುತ್ತಿತ್ತು.

ಮಳೆ ನಿಂತು ರೈಡು ಮತ್ತೆ ಶುರುವಾಗುವ ಹೊತ್ತಿಗೆ ಡ್ರೈವರ್ ಫೋನು. ‘5ಕ್ಕೆ ಹೊರಡ್ತೀನಿ, ಬರದಿದ್ರೆ ವೇಟಿಂಗ್ ಚಾರ್ಜು ಗಂಟೆಗೆ 500.’ ಇದನ್ನು ಮೊದಲು ಯಾರೂ ಹೇಳಿರಲಿಲ್ಲ. ನಾಲ್ಕು ಸಲ ಫೋನ್ ಮಾಡಿದ. ಪಾರ್ಕ್ ಇನ್ನೂ ತೆರೆದಿತ್ತು, ಸಾಲು ಕರಗಿತ್ತು, ಮಕ್ಕಳು ಒಂದಾದ ಮೇಲೊಂದು ಆಡಬಹುದಿತ್ತು. ನಾವು ಹೊರಗೆ ಬಂದೆವು. ಮಗ ಆಡಿದ್ದು ಒಟ್ಟು ಮೂರು ರೈಡು. ಮೂರು!

ಮಾರನೇ ದಿನ ದುಡ್ಡು ವಾಪಸ್ ಕೇಳಿದೆ. ಮೊದಲು ‘ಮಳೆಗೂ ನಾವೇ ಕಾರಣಾನಾ ಮೇಡಂ’ ಅಂದ. ಆಮೇಲೆ ‘ನಿಮ್ಮಂಥ ಓದಿದವರು ಚಿಲ್ಲರೆಗೆ ಹಿಂಗಾಡಬಾರ್ದು’ ಅಂದ. ಫಾಸ್ಟ್ ಟ್ರ್ಯಾಕ್ ಅಂತ ಬರೆದಿದ್ದ ಹಳೇ ಮೆಸೇಜು ಅಷ್ಟರಲ್ಲಿ ಗುಂಪಿನಿಂದ ಅಳಿಸಿದ್ದ. ಕೆಳಗಿನ ಮನೆಯವರು ತಮ್ಮ ಅಣ್ಣನಿಗೆ ಫಾರ್ವರ್ಡ್ ಮಾಡಿದ್ದು ನಮ್ಮ ಪುಣ್ಯ. ಅದರ ಸ್ಕ್ರೀನ್‌ಶಾಟ್ ಕಳಿಸಿದ ಮೇಲೆ 1,700 ರೂಪಾಯಿ ಹಾಕಿದ. ತಲೆಗೆ ನೂರು. ಜೊತೆಗೆ ‘ಮುಂದಿನ ಟ್ರಿಪ್ಪಿಗೆ ಡಿಸ್ಕೌಂಟ್ ಕೊಡ್ತೀನಿ’ ಅಂತ ಒಂದು ವಾಯ್ಸ್ ಮೆಸೇಜು. ಆಮೇಲೆ ನನ್ನ ನಂಬರ್ ಬ್ಲಾಕ್.

ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎರಡು ಮನೆಯವರಿಗೆ ನನ್ನ ಕೈಯಿಂದಲೇ ಸ್ವಲ್ಪ ದುಡ್ಡು ಕೊಟ್ಟೆ. ಕೆಳಗಿನ ಮನೆ ಆಂಟಿ ಏನೂ ಕೇಳಲಿಲ್ಲ, ‘ಬಿಡಮ್ಮಾ’ ಅಂದರು. ಕೇಳಿದ್ದರೇ ವಾಸಿಯಿತ್ತು.

ದಯವಿಟ್ಟು ಟಿಕೆಟ್ಟನ್ನು ಪಾರ್ಕಿನ ವೆಬ್‌ಸೈಟಿನಲ್ಲೋ ಕೌಂಟರಿನಲ್ಲೋ ನೀವೇ ತೆಗೆದುಕೊಳ್ಳಿ. ಮಕ್ಕಳ ಎತ್ತರ ಮನೆಯಲ್ಲೇ ಅಳೆದುಕೊಂಡು ಹೋಗಿ. ಗಾಡಿ ಬೇಕಿದ್ದರೆ ಬರೀ ಗಾಡಿ ಮಾಡಿಕೊಳ್ಳಿ, ಹೊರಡುವ ಹೊತ್ತು, ವಾಪಸ್ ಬರುವ ಹೊತ್ತು ಬರಹದಲ್ಲಿ ತೆಗೆದುಕೊಳ್ಳಿ. ಬಿಡದಿಯಲ್ಲಿ ರೈಲ್ವೇ ಸ್ಟೇಷನ್ನೇ ಇದೆ, ಅಲ್ಲಿಂದ ಆಟೋ ಸಿಗುತ್ತೆ. ಬಸ್ಸಾದರೆ ಹಳೇ ರಸ್ತೆಯಲ್ಲಿ ಹೋಗುವುದನ್ನು ನೋಡಿ ಹತ್ತಿ, ಎಕ್ಸ್‌ಪ್ರೆಸ್‌ವೇ ಬಸ್ಸು ಬಿಡದಿಯಲ್ಲಿ ಇಳಿಸಲ್ಲ. ರೈಡುಗಳಿಗಾಗಿಯೇ ಹೋಗುವುದಾದರೆ ಭಾನುವಾರ ಬೇಡವೇ ಬೇಡ.

ನಿನ್ನೆ ಬಂದಿರುವ ಮೆಸೇಜಿನಲ್ಲಿ ‘ಜೂನ್ ಮೊದಲ ಭಾನುವಾರ, ಒಂದೇ ಗಾಡಿ ಉಳಿದಿದೆ’ ಅಂತ ಇದೆ. ನಮಗೂ ಒಂದೇ ಗಾಡಿ ಅಂತಲೇ ಹೇಳಿದ್ದ. ನಿಮ್ಮ ಗುಂಪಿಗೂ ಅದು ಬಂದಿದ್ದರೆ ಇದನ್ನು ಈಗಲೇ ಅಲ್ಲಿಗೆ ಕಳಿಸಿ.