ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿ: ರುಚಿ, ದರ ಮತ್ತು ದರದ ಹಿಂದಿನ ಕಾರಣಗಳು

ಚಿಕ್ಕಮಗಳೂರು ಪೇಟೆಯಲ್ಲಿ ನಾನು ಪುಡಿ ಕೊಳ್ಳುವ ಅಂಗಡಿಯಲ್ಲಿ ಪೀಬೆರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ದುಂಡು ಬೀಜ), ಪ್ಲಾಂಟೇಶನ್ ಎ (ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ದೊಡ್ಡ ಬೀಜ), ರೋಬಸ್ಟಾ ಚೆರ್ರಿ (ಹಣ್ಣಾಗಿಯೇ ಒಣಗಿಸಿದ ರೋಬಸ್ಟಾ ಜಾತಿಯ ಬೀಜ) ಎಂದು ಡಬ್ಬಗಳ ಮೇಲೆ ಸ್ಪಷ್ಟವಾಗಿ ಬರೆದಿರುತ್ತಾರೆ. ಹುರಿದ ಬೀಜವನ್ನು ಗಿರಾಕಿಯ ಕಣ್ಣೆದುರೇ ತೂಗಿ, ಪುಡಿ ಮಾಡಿ, ಕೇಳಿದಷ್ಟೇ ಚಿಕೋರಿ ಬೆರೆಸಿ ಕೊಡುತ್ತಾರೆ. ಪೀಬೆರಿಗೆ ನೂರಕ್ಕೆ 20ರಷ್ಟು ಚಿಕೋರಿ ಸೇರಿಸಿದ ಪುಡಿಯ ಡಿಕಾಕ್ಷನ್ ಗಟ್ಟಿಯಾಗಿ ಇಳಿಯುತ್ತದೆ, ಹಾಲು ಬೆರೆಸಿದ ಮೇಲೂ ಘಮ ಉಳಿಯುತ್ತದೆ.

ದರ ಮಾತ್ರ 2024ರಿಂದೀಚೆಗೆ ಕೈ ಸುಡುವಂತಾಗಿದೆ. ಇದಕ್ಕಾಗಿ ಅಂಗಡಿಯವರನ್ನು ದೂರುವುದು ನ್ಯಾಯವಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಬರದಿಂದ ಫಸಲು ಕುಗ್ಗಿ, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತ್ತು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70ರಷ್ಟನ್ನು ಬೆಳೆಯುವುದು ಕರ್ನಾಟಕವೇ ಆದರೂ ಬೆಳೆಯ ಬಹುಪಾಲು ರಫ್ತಾಗುವುದರಿಂದ, ತೋಟದ ಪಕ್ಕದ ಅಂಗಡಿಯೂ ರಫ್ತುದಾರರು ಕೊಡುವ ಬೆಲೆಗೇ ಬೀಜ ಕೊಳ್ಳಬೇಕು. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಚಿಕೋರಿಗೆ ನ್ಯೂಯಾರ್ಕಿನ ಹಂಗಿಲ್ಲ. ಹಾಗಾಗಿ ಚಿಕೋರಿ ಹೆಚ್ಚಿರುವ ಮಿಶ್ರಣದ ಬೆಲೆ ಅಷ್ಟಾಗಿ ಏರುವುದಿಲ್ಲ.

ಏರಿದ ಬೆಲೆ ಮಲೆನಾಡಿನ ಬೆಳೆಗಾರರ ಕೈಸೇರುತ್ತಿರುವುದು ಹೊರಗಿನ ಬರವೊಂದರಿಂದಲೇ ಅಲ್ಲ. ಮೊದಲು ಬೆಳೆಗಾರರು ಫಸಲನ್ನು, ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಸರ್ಕಾರಿ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಿ, ಕಂತುಗಳಲ್ಲಿ ಬರುವ ಹಣಕ್ಕೆ ಕಾಯಬೇಕಿತ್ತು. 1992ರಿಂದ ಹಂತಹಂತವಾಗಿ ಸಡಿಲಗೊಂಡ ಆ ವ್ಯವಸ್ಥೆ 1996ರಲ್ಲಿ ಪೂರ್ತಿ ತೆರವಾಗಿ, ಬೆಳೆಗಾರರು ಫಸಲನ್ನು ತಾವೇ ಮಾರುವಂತಾಯಿತು. 1994ರಲ್ಲಿ ಬ್ರೆಜಿಲ್‌ನ ತೋಟಗಳಿಗೆ ಹಿಮ ಬಡಿದು ಬೆಲೆ ಜಿಗಿದಾಗ, ಅಷ್ಟರಲ್ಲಾಗಲೇ ಸಿಕ್ಕಿದ್ದ ಸ್ವಾತಂತ್ರ್ಯದ ಮಟ್ಟಿಗೆ ಲಾಭವೂ ನೇರವಾಗಿ ಬಂತು. ಆದರೆ 2001ರ ಸುಮಾರಿಗೆ ವಿಯೆಟ್ನಾಂನ ರೋಬಸ್ಟಾ ಜಗತ್ತಿನ ಮಾರುಕಟ್ಟೆಯಲ್ಲಿ ತುಂಬಿ ಬೆಲೆ ನೆಲಕಚ್ಚಿದಾಗ, ಅದೇ ತೆರೆದ ಬಾಗಿಲಿನಿಂದ ನಷ್ಟವೂ ಒಳಬಂತು. ಸಾಲ, ಕೂಲಿ, ಊರಿನ ವ್ಯಾಪಾರ ಎಲ್ಲಕ್ಕೂ ಪೆಟ್ಟು ಬಿತ್ತು. ಬಾಗಿಲು ತೆರೆದದ್ದು ಸರಿ. ಬೆಲೆ ಕುಸಿದಾಗ ಸಣ್ಣ ಬೆಳೆಗಾರನಿಗೆ ಆಸರೆಯಾಗುವ ಏರ್ಪಾಡನ್ನು ಜೊತೆಗೇ ಮಾಡದೆ ಹೋದದ್ದು ತಪ್ಪೆಂಬುದು ನನ್ನ ಅಭಿಪ್ರಾಯ.

ಅಂಗಡಿಯಲ್ಲಿ ಕೊರತೆಯೂ ಇದೆ. ಪೊಟ್ಟಣದ ಮೇಲೆ ಹುರಿದ ದಿನಾಂಕವಿರುವುದಿಲ್ಲ. ‘ಸ್ಪೆಷಲ್’ ಎಂಬ ಮಿಶ್ರಣದಲ್ಲಿ ರೋಬಸ್ಟಾ ಎಷ್ಟೆಂದು ಕೇಳಿದರಷ್ಟೇ ಹೇಳುತ್ತಾರೆ. ಹೊಸದಾಗಿ ಹೋಗುವವರು ‘ಸ್ಪೆಷಲ್’ ಬಿಟ್ಟು, ಬೀಜವನ್ನು ಹೆಸರಿಸಿಯೇ ಕೇಳಿ, ಒಮ್ಮೆಗೆ ಕಾಲು ಕೆಜಿಗಿಂತ ಹೆಚ್ಚು ಪುಡಿ ಮಾಡಿಸದಿರುವುದು ಒಳ್ಳೆಯದು.