ನಿಲ್ದಾಣದ ಚಿತ್ರಕ್ಕೆ ಆಟೋಸ್ಟ್ಯಾಕರ್ಟ್ ಮತ್ತು ರೆಜಿಸ್ಟ್ಯಾಕ್ಸ್: ಬಳ್ಳಾರಿಯಿಂದ ಒಂದು ವಿಮರ್ಶೆ

ಬಳ್ಳಾರಿಯಲ್ಲಿದ್ದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಚಿತ್ರ ತೆಗೆಯುವವರಿಗೆ ದೊಡ್ಡ ತೊಡಕು ಗಾಳಿಯದೇ. ನಿಲ್ದಾಣ ಕಾಣುವುದು ಮುಸ್ಸಂಜೆಯಲ್ಲಿ ಅಥವಾ ಬೆಳಗಿನ ಜಾವದಲ್ಲಿ; ಹಗಲೆಲ್ಲ ಕಾದ ನಮ್ಮ ಬಂಡೆಗುಡ್ಡಗಳು ಝಳ ಬಿಡುವುದೂ ಮುಸ್ಸಂಜೆಯಲ್ಲೇ. ಸುಮಾರು 109 ಮೀಟರ್ ಅಗಲದ ನಿಲ್ದಾಣವು 400 ಕಿ.ಮೀ. ಎತ್ತರದಲ್ಲಿ ನೆತ್ತಿಯ ಮೇಲೆ ಹಾಯುವಾಗ ಗುರುಗ್ರಹಕ್ಕಿಂತ ತುಸು ದೊಡ್ಡದಾಗಿ ತೋರುತ್ತದೆ. ಎಂಟು ಇಂಚಿನ ದೂರದರ್ಶಕವು ಅದರಲ್ಲಿ ಒಂದು ಮೀಟರಿನಷ್ಟು ಸಣ್ಣ ವಿವರವನ್ನೂ ಬಿಡಿಸಿ ತೋರಿಸಬಲ್ಲದಾದರೂ, ಗಾಳಿಯ ಕದಲಿಕೆ ಎರಡು ಆರ್ಕ್‌ಸೆಕೆಂಡಿನಷ್ಟಿದ್ದರೆ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ) ನಾಲ್ಕು ಮೀಟರಿಗಿಂತ ಚಿಕ್ಕದೆಲ್ಲ ಕಲಸಿಹೋಗುತ್ತದೆ.

ಹೀಗೆ ಕಳೆದುಹೋದದ್ದರಲ್ಲಿ ಬಹುಪಾಲನ್ನು ಮರಳಿ ಕೊಡುವುದು ಎಮಿಲ್ ಕ್ರಾಯ್‌ಕಾಂಪ್ ಅವರ ಉಚಿತ ತಂತ್ರಾಂಶ ಆಟೋಸ್ಟ್ಯಾಕರ್ಟ್. ಅದು ವಿಡಿಯೊದ ಪ್ರತಿಯೊಂದು ಫ್ರೇಮನ್ನು ಅಳೆದು, ಗಾಳಿ ಕ್ಷಣಕಾಲ ಸ್ತಬ್ಧವಾದಾಗ ದೊರೆತ ಫ್ರೇಮುಗಳನ್ನು ಮೇಲಕ್ಕೆ ತಂದು, ಒಂದರ ಮೇಲೊಂದು ಕೂರಿಸಿ ಸರಾಸರಿ ತೆಗೆಯುತ್ತದೆ. ಗ್ರಹಗಳಿಗೆ ಸಾವಿರಾರು ಫ್ರೇಮು ಸೇರಿಸಬಹುದು. ನಿಲ್ದಾಣವಾದರೋ ಸೆಕೆಂಡಿಗೆ ಒಂದು ಡಿಗ್ರಿಗೂ ಹೆಚ್ಚು ಸರಿಯುತ್ತ ನಮಗೆ ಕಾಣುವ ಮಗ್ಗುಲನ್ನೇ ಬದಲಿಸುತ್ತಿರುತ್ತದೆ. ಆದ್ದರಿಂದ ಒಂದೆರಡು ಸೆಕೆಂಡಿನ ತುಣುಕನ್ನಷ್ಟೇ ಕತ್ತರಿಸಿ ಕೊಡಬೇಕು. ಸೆಕೆಂಡಿಗೆ ನೂರಕ್ಕೂ ಮಿಕ್ಕಿ ಫ್ರೇಮು ಹಿಡಿಯುವ ಕ್ಯಾಮೆರಾ ಬೇಕೆನ್ನುವುದು ಇದಕ್ಕಾಗಿಯೇ. ದೂರದರ್ಶಕದ ಬಾಯಿ ಅಗಲವಾದಷ್ಟೂ ಇಂಥ ಅದೃಷ್ಟದ ಫ್ರೇಮು ಸಿಗುವ ಸಂಭವ ತೀವ್ರವಾಗಿ ಕುಗ್ಗುತ್ತದೆಂದು ದೃಗ್ವಿಜ್ಞಾನಿ ಡೇವಿಡ್ ಫ್ರೈಡ್ 1978ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮ ಊರಿನ ಗಾಳಿಗೆ ಎಂಟು ಇಂಚು ಸಾಕು. ಹೆಚ್ಚಿನ ಹಣವನ್ನು ಕ್ಯಾಮೆರಾಕ್ಕೆ ಹಾಕುವುದೇ ಲೇಸು.

ಹೀಗೆ ಸರಾಸರಿ ತೆಗೆದ ಚಿತ್ರವನ್ನು ಮೊನಚುಗೊಳಿಸಲು ನಾನು ಬಳಸುವ, ಕೋರ್ ಬೆರೆವೂಟ್ಸ್ ಅವರ ರೆಜಿಸ್ಟ್ಯಾಕ್ಸ್ ಕೂಡ ಉಚಿತವೇ. ಅದು ಚಿತ್ರದ ವಿವರಗಳನ್ನು ಗಾತ್ರಕ್ಕೆ ತಕ್ಕಂತೆ ಆರು ವೇವ್‌ಲೆಟ್ ಪದರಗಳಾಗಿ ಬಿಡಿಸುತ್ತದೆ; ಅವುಗಳಲ್ಲಿ ಮೊದಲನೆಯದು ಅತಿ ಸೂಕ್ಷ್ಮ ವಿವರವನ್ನು ಎತ್ತುತ್ತದೆ, ಜೊತೆಗೆ ಕ್ಯಾಮೆರಾದಿಂದಲೇ ಬರುವ ಕಾಳುಕಾಳಾದ ಚುಕ್ಕೆಗಳನ್ನೂ ಎತ್ತುತ್ತದೆ. ನಾನು ಎರಡನೆಯ ಮತ್ತು ಮೂರನೆಯ ಸ್ಲೈಡರ್‌ಗಳನ್ನು ಮೆಲ್ಲಗೆ ಸರಿಸುತ್ತ, ತಾಮ್ರವರ್ಣದ ಸೌರಫಲಕಗಳ ಅಂಚಿಗೆ ಕಪ್ಪು ಗೆರೆ ಮೂಡತೊಡಗಿದೊಡನೆ ನಿಲ್ಲಿಸುತ್ತೇನೆ, ಏಕೆಂದರೆ ಆ ಗೆರೆ ನಿಲ್ದಾಣದ್ದಲ್ಲ, ಲೆಕ್ಕಾಚಾರದ್ದು. ಈ ತಂತ್ರಾಂಶ ಅತಿಯಾದದ್ದನ್ನು ತಾನಾಗಿ ತಡೆಯುವುದಿಲ್ಲ, ಎಚ್ಚರಿಸುವುದೂ ಇಲ್ಲ. ಇದೇ ಅದರ ದೊಡ್ಡ ಕೊರತೆ. ಕಂಡ ವಿವರ ನಿಜವೇ ಎಂದು ತಿಳಿಯಲು ಅದೇ ಹಾಯುವಿಕೆಯ ಇನ್ನೊಂದು ತುಣುಕನ್ನು ಬೇರೆಯಾಗಿಯೇ ಸಂಸ್ಕರಿಸಿ ಹೋಲಿಸಿ ನೋಡಬೇಕು: ನಿಲ್ದಾಣದ ಶಾಖವನ್ನು ಹೊರಬಿಡುವ ಬಿಳಿಯ ರೇಡಿಯೇಟರ್ ಫಲಕ ಎರಡರಲ್ಲೂ ಇರುತ್ತದೆ, ಹುಸಿ ಗೆರೆಗಳು ಜಾಗ ಬದಲಿಸಿರುತ್ತವೆ.