ಮನೆಯಲ್ಲಿ ಫೋಟೊ ಪ್ರಿಂಟ್: ಕಾರ್ಟ್ರಿಜ್, ಟ್ಯಾಂಕ್, ರಿಬ್ಬನ್, ಸ್ಟುಡಿಯೊ

ಒಂದೇ ಫೋಟೊವನ್ನು ನಾಲ್ಕು ವಿಧಾನಗಳಲ್ಲಿ 4×6 ಇಂಚಿಗೆ ಪ್ರಿಂಟ್ ಹಾಕಿಸಿ ಅಕ್ಕಪಕ್ಕ ಇಟ್ಟು ನೋಡಿದೆ. ಅತ್ತೆ ಹಸಿರು ರೇಷ್ಮೆ ಸೀರೆಯುಟ್ಟು ದೀಪ ಹಚ್ಚುತ್ತಿರುವ ಚಿತ್ರವದು. ಜರಿ, ಕಪ್ಪು ಕೂದಲು, ದೀಪದ ಹಳದಿ ಬೆಳಕು ಮೂರೂ ಇರುವುದರಿಂದ ಪ್ರಿಂಟರ್ ಎಲ್ಲಿ ಎಡವುತ್ತದೆ ಎಂಬುದು ಬೇಗ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿರುವುದು ಕಾರ್ಟ್ರಿಜ್ ಹಾಕುವ ಇಂಕ್‌ಜೆಟ್. ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೆ ಸರಿಯಾಗಿ ಒಪ್ಪುತ್ತದೆ. ಡಬ್ಬಿಯ ಮೇಲೆ ಬರೆದಿರುವ ಪುಟಗಳ ಲೆಕ್ಕವನ್ನು ನಂಬಿ ಕುಳಿತರೆ ಕೆಟ್ಟಂತೆ. ಒಂದೊಂದು ಬಣ್ಣವೂ ಪುಟದ ಸುಮಾರು 5%ರಷ್ಟನ್ನೇ ಆವರಿಸುವ ಅಕ್ಷರ, ಚಿತ್ರಗಳ ಹಾಳೆಗೆ ಹಾಕಿದ ಲೆಕ್ಕವದು. ಫೋಟೊದಲ್ಲಿ ಶಾಯಿ ಅಂಚಿನಿಂದ ಅಂಚಿಗೆ ಹರಡುತ್ತದೆ. ಮೂರು ಬಣ್ಣಗಳೂ ಒಂದೇ ಕಾರ್ಟ್ರಿಜ್‌ನಲ್ಲಿ ಇರುವುದರಿಂದ, ದೀಪದ ಫೋಟೊಗಳಿಗೆ ಹಳದಿ ಖಾಲಿಯಾದರೆ ಉಳಿದ ಎರಡನ್ನೂ ಕಸಕ್ಕೆ ಹಾಕಬೇಕು. ಕೆಲವು ವಾರ ಸುಮ್ಮನೆ ಬಿಟ್ಟರೆ ಶಾಯಿ ಚಿಮ್ಮುವ ಸಣ್ಣ ರಂಧ್ರ, ಅಂದರೆ ನಾಜಲ್, ಒಣಗುತ್ತದೆ, ಸೀರೆಯ ಮೇಲೆ ಅಡ್ಡಗೆರೆಗಳು ಮೂಡುತ್ತವೆ. ಅದನ್ನು ತೆರೆಯಲು ಪ್ರಿಂಟರ್‌ನಿಂದ ಹೆಡ್ ಕ್ಲೀನಿಂಗ್ ಮಾಡಿಸಿದರೆ ಅದೂ ಶಾಯಿಯನ್ನೇ ಕುಡಿಯುತ್ತದೆ. ಕಾಗದವೂ ಸೇರಿ ಫೋಟೊಗೆ 30 ರೂಪಾಯಿ ದಾಟಿತು. ಕೆಟ್ಟುಹೋದ ಪ್ರಿಂಟ್‌ಗಳನ್ನು ಇದರಲ್ಲಿ ಸೇರಿಸಿಲ್ಲ.

ಭಾವನ ಮನೆಯ ಇಂಕ್ ಟ್ಯಾಂಕ್ ಪ್ರಿಂಟರ್‌ನಲ್ಲಿ ಶಾಯಿ ಬಾಟಲಿಯಿಂದ ಸುರಿಯುವುದು. ಖರ್ಚು 10 ರೂಪಾಯಿ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಗ್ಲಾಸಿ ಕಾಗದದ್ದೇ. ಆದರೆ ಕೂದಲು ಕಪ್ಪಗಿಲ್ಲ, ಕಂದು ಬಣ್ಣಕ್ಕೆ ತಿರುಗಿದೆ. ಇಂತಹ ಹಲವು ಮಾದರಿಗಳಲ್ಲಿ ಕಪ್ಪು ಶಾಯಿ ಪಿಗ್ಮೆಂಟ್‌ನದು (ಕರಗದ ಬಣ್ಣದ ಕಣಗಳದ್ದು), ಗ್ಲಾಸಿ ಕಾಗದಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಪ್ರಿಂಟರ್ ಉಳಿದ ಮೂರು ಬಣ್ಣಗಳನ್ನು ಬೆರೆಸಿ ಕಪ್ಪು ಮಾಡಿಕೊಳ್ಳುತ್ತದೆ. ಆರು ಬಣ್ಣದ ಫೋಟೊ ಮಾದರಿಗಳಲ್ಲಿ ಈ ತೊಂದರೆ ಕಡಿಮೆ, ಬೆಲೆ ಹೆಚ್ಚು. ಒದ್ದೆ ಬೆರಳು ತಾಗಿಸಿದ ಕಡೆ ಹಸಿರು ಸ್ವಲ್ಪ ಕದಡಿತು. ಮಲೆನಾಡಿನ ಮಳೆಗಾಲದ ಅಲ್ಬಮ್‌ಗೆ ಇದನ್ನು ನಾನು ನಂಬುವುದಿಲ್ಲ.

ನನಗೆ ತುಂಬಾ ಹಿಡಿಸಿದ್ದು ಗೆಳತಿಯ ಕ್ಯಾನನ್ ಸೆಲ್ಫಿ (SELPHY) ಎಂಬ ಪುಟ್ಟ ಫೋಟೊ ಪ್ರಿಂಟರ್. ಇದರಲ್ಲಿ ಶಾಯಿಯೇ ಇಲ್ಲ, ಬಣ್ಣದ ರಿಬ್ಬನ್ ಇದೆ. ಕಾಗದ ನಾಲ್ಕು ಬಾರಿ ಹೊರಗೆ ಬಂದು ಒಳಗೆ ಹೋಗುತ್ತದೆ: ಮೊದಲು ಹಳದಿ, ಮೇಲೆ ಕೆಂಪು, ಆಮೇಲೆ ನೀಲಿ, ಕೊನೆಗೆ ಪಾರದರ್ಶಕ ರಕ್ಷಾಪದರ. ಹಳದಿ ಅತ್ತೆ ನಿಧಾನವಾಗಿ ನಿಜವಾದ ಅತ್ತೆಯಾಗುವುದನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ನೀರು ತಾಗಿದರೂ ಬಣ್ಣ ಕದಡಲಿಲ್ಲ. ಕಾಗದ, ರಿಬ್ಬನ್ ಒಟ್ಟಿಗೇ ಮಾರುತ್ತಾರೆ, 108 ಹಾಳೆಯ ಸೆಟ್ ಕೊಂಡರೆ 108 ಫೋಟೊ. ಗೆಳತಿ ಕೊಟ್ಟ ಬೆಲೆಯಲ್ಲಿ ಒಂದಕ್ಕೆ 25 ರೂಪಾಯಿ ಬೀಳುತ್ತದೆ. ದುಬಾರಿಯೇ, ಆದರೆ ಲೆಕ್ಕ ಮೊದಲೇ ಗೊತ್ತಿರುತ್ತದೆ; ತಿಂಗಳುಗಟ್ಟಲೆ ಬಿಟ್ಟರೂ ಒಣಗಲು ಅಲ್ಲಿ ಏನೂ ಇಲ್ಲ. ಬಳಸಿದ ರಿಬ್ಬನ್‌ನಲ್ಲಿ ಫೋಟೊದ ನೆಗೆಟಿವ್ ಉಳಿದಿರುತ್ತದೆ, ಕತ್ತರಿಸಿಯೇ ಎಸೆಯಿರಿ.

ಪೇಟೆಯ ಸ್ಟುಡಿಯೊದಲ್ಲಿ 12 ರೂಪಾಯಿ. ಜರಿ, ಕೂದಲು ಎರಡೂ ಚೆನ್ನಾಗಿ ಬಂದಿವೆ. ಹೇಳದಿದ್ದರೆ ಮುಖವನ್ನು ಬೆಳ್ಳಗೆ ಮಾಡಿ ಕೊಡುತ್ತಾರೆ, ಅದೊಂದು ಹಳೆಯ ಚಾಳಿ. ಮೊಬೈಲ್ ಫೋಟೊದ ಅಳತೆ ಸಾಮಾನ್ಯವಾಗಿ 4:3, ಈ ಕಾಗದದ್ದು 3:2. ಕ್ರಾಪ್ ನೀವೇ ಮಾಡಿ ಕೊಡದಿದ್ದರೆ ಯಾರದಾದರೂ ತಲೆ ಹೋಗುತ್ತದೆ.

ನನ್ನ ಆಯ್ಕೆ ಸ್ಟುಡಿಯೊ. ಮಕ್ಕಳ ಶಾಲೆಯ ಪ್ರಾಜೆಕ್ಟ್‌ಗೆಂದು ವಾರವಾರವೂ ಬಣ್ಣದ ಪುಟ ತೆಗೆಯುವ ಮನೆಗೆ ಟ್ಯಾಂಕ್ ಸಾಕು. ಹಬ್ಬಕ್ಕೆ ಬಂದ ನೆಂಟರ ಕೈಗೆ ಹೊರಡುವ ಮುನ್ನವೇ ಫೋಟೊ ಕೊಡುವ ಆಸೆಯಿದ್ದರೆ ಸೆಲ್ಫಿ ಕೊಳ್ಳಿ. ನಮ್ಮ ಕಾರ್ಟ್ರಿಜ್ ಪ್ರಿಂಟರ್ ಈಗ ಆಧಾರ್ ಕಾರ್ಡಿನ ಜೆರಾಕ್ಸ್ ತೆಗೆಯುತ್ತದೆ, ಅದೂ ಕಪ್ಪು-ಬಿಳುಪಿನಲ್ಲಿ.